ಅಗುಳಿ ತೆಗೆದವನು: ಜಾಕ್ ಸ್ಟೀನ್

ಕಾಲ್ಚೆಂಡಾಟವನ್ನು ನೋಡಲು ಬಂದವರ ಕಣ್ಣು ಸಾಮಾನ್ಯವಾಗಿ ಗೋಲು ಹೊಡೆಯುವವನ ಮೇಲಿರುತ್ತದೆ. ಚಪ್ಪಾಳೆಯೂ ಅವನಿಗೇ ಸಲ್ಲುತ್ತದೆ. ತನ್ನ ಗೋಲಿನ ಮುಂದೆ ನಿಂತು, ಬಂದ ಚೆಂಡನ್ನು ತಡೆದು ಹಿಂದಕ್ಕಟ್ಟುವ ಬ್ಯಾಕ್ ಆಟಗಾರನ ನೆನಪು ಜನರಿಗೆ ಬರುವುದು ಅವನು ಎಡವಿದಾಗ ಮಾತ್ರ. ಕಾಲೇಜಿನ ತಂಡದಲ್ಲಿ ಈ ಸ್ಥಾನದಲ್ಲಿಯೇ ಆಡುತ್ತ ಬಂದಿರುವ ನನಗೆ ಒಂದು ಪ್ರಶ್ನೆ ಬಹಳ ದಿನಗಳಿಂದ ಇತ್ತು: ಹಿಂದೆ ನಿಂತವನು ತಡೆಯುವುದನ್ನಲ್ಲದೆ ಬೇರೇನನ್ನಾದರೂ ಕಲಿಯುತ್ತಾನೆಯೇ? ಈ ಪ್ರಶ್ನೆಗೆ ಸ್ಕಾಟ್ಲೆಂಡಿನ ಜಾಕ್ ಸ್ಟೀನನ ಜೀವನದಲ್ಲಿ ಉತ್ತರವಿದೆಯೆಂದು ನನಗೆ ತೋರುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗ್ಲಾಸ್ಗೋ ನಗರದ ಆಗ್ನೇಯಕ್ಕಿರುವ ಲ್ಯಾನಾರ್ಕ್‌ಷೈರ್ ಒಂದು ಕಾಲಕ್ಕೆ ಕಲ್ಲಿದ್ದಲಿನ ಸೀಮೆಯಾಗಿತ್ತು. ಅಲ್ಲಿಯ ಹ್ಯಾಮಿಲ್ಟನ್ ಪಟ್ಟಣಕ್ಕೆ ಸೇರಿದ ಬರ್ನ್‌ಬ್ಯಾಂಕ್ ಎಂಬಲ್ಲಿ 1922ನೆಯ ಇಸವಿ ಅಕ್ಟೋಬರ್ 5ರಂದು ಜಾನ್ ಸ್ಟೀನ್ ಹುಟ್ಟಿದನು. ಜಾನ್ ಎಂಬ ಹೆಸರೇ ಸ್ಕಾಟರ ಬಾಯಲ್ಲಿ ಜಾಕ್ ಆಗುತ್ತದೆ. ತಂದೆ ಗಣಿಯ ಕೂಲಿಗಾರ. ನೆರೆಯ ಬ್ಲಾಂಟೈರ್ ಗಣಿಯಲ್ಲಿ 1877ರಲ್ಲಿ ಸ್ಫೋಟವಾಗಿ 207 ಮಂದಿ ಪ್ರಾಣ ಕಳೆದುಕೊಂಡಿದ್ದರು. ಆದರೂ ಆ ಸೀಮೆಯ ಹುಡುಗರಿಗೆ ಬೇರೆ ದಾರಿ ಕಡಿಮೆ. 1937ರಲ್ಲಿ ಶಾಲೆ ಬಿಟ್ಟ ಸ್ಟೀನ್ ಕೆಲಕಾಲ ರತ್ನಗಂಬಳಿಯ ಕಾರ್ಖಾನೆಯೊಂದರಲ್ಲಿ ದುಡಿದು, ಬಳಿಕ ತಂದೆಯಂತೆಯೇ ಗಣಿಗೆ ಇಳಿದನು. ಕತ್ತಲೆಯಲ್ಲಿ ದುಡಿಯುವವನು ಪಕ್ಕದವನನ್ನು ನಂಬಿಯೇ ಬದುಕಬೇಕು. ಒಬ್ಬನ ಅಜಾಗರೂಕತೆಯಿಂದ ಹತ್ತು ಜನರ ಜೀವ ಹೋಗಬಹುದು. ಗಣಿಯ ಈ ಪಾಠವನ್ನು ಸ್ಟೀನ್ ಕಡೆಯವರೆಗೂ ಮರೆಯಲಿಲ್ಲ.

1942ರಲ್ಲಿ ಆತನು ಕೋಟ್‌ಬ್ರಿಜ್ ಊರಿನ ಆಲ್ಬಿಯನ್ ರೋವರ್ಸ್ ಎಂಬ ಸಣ್ಣ ತಂಡವನ್ನು ಸೇರಿದನು. ವಾರವೆಲ್ಲ ಗಣಿ, ಶನಿವಾರ ಆಟ. ಆತನ ಸ್ಥಾನ ಸೆಂಟರ್ ಹಾಫ್. ಹೆಸರಿಗೆ ಹಾಫ್ ಆದರೂ ಆ ದಿನಗಳಲ್ಲಿ ಅವನ ಕೆಲಸ ಇಬ್ಬರು ಬ್ಯಾಕುಗಳ ನಡುವೆ ನಿಂತು ಎದುರಾಳಿಯ ಸೆಂಟರ್ ಫಾರ್ವರ್ಡನನ್ನು ಕಟ್ಟಿಹಾಕುವುದು. ಸ್ಟೀನ್ ವೇಗಶಾಲಿಯಲ್ಲ, ಬಲಗಾಲಿನಲ್ಲಿ ಹೆಚ್ಚು ಬಲವಿರಲಿಲ್ಲ. ತಲೆಯಿಂದ ಚೆಂಡನ್ನು ಹೊಡೆಯುವುದರಲ್ಲಿ ಮಾತ್ರ ಗಟ್ಟಿಗ. ಓಡಿ ಹಿಡಿಯಲಾರದವನು ಚೆಂಡು ಎಲ್ಲಿಗೆ ಬರುವುದೆಂಬುದನ್ನು ಮುಂಚೆಯೇ ತಿಳಿದು ಅಲ್ಲಿ ನಿಂತಿರಬೇಕು. ಕಾಲಿನ ಕೊರತೆಯನ್ನು ಕಣ್ಣಿನಿಂದ ತುಂಬಿಕೊಳ್ಳುವ ಅಭ್ಯಾಸ ಅವನಿಗೆ ಹೀಗೆ ಬಂದಿರಬೇಕೆಂದು ನನ್ನ ಊಹೆ. ಸ್ಕಾಟ್ಲೆಂಡಿನ ರಾಷ್ಟ್ರೀಯ ತಂಡದಲ್ಲಿ ಆಡುವ ಭಾಗ್ಯ ಆತನಿಗೆ ಒಮ್ಮೆಯೂ ದೊರೆಯಲಿಲ್ಲ.

1950ರಲ್ಲಿ ಪೂರ್ಣಾವಧಿಯ ಸಂಬಳಕ್ಕಾಗಿ ಆತನು ವೇಲ್ಸ್ ದೇಶದ ಲನೆಥ್ಲಿ ಎಂಬ ಊರಿನ ತಂಡಕ್ಕೆ ಹೋದನು. ಅಷ್ಟರಲ್ಲಿ ಹ್ಯಾಮಿಲ್ಟನ್ನಿನ ಅವನ ಮನೆಗೆ ಎರಡು ಸಲ ಕಳ್ಳರು ನುಗ್ಗಿದರು. ಹೆಂಡತಿ ಊರಿಗೆ ಮರಳೋಣವೆಂದಳು. ಆಟವನ್ನು ಬಿಟ್ಟು ಮತ್ತೆ ಗಣಿಗೆ ಇಳಿಯುವ ಯೋಚನೆಯಲ್ಲಿ ಸ್ಟೀನ್ ಇದ್ದಾಗ, 1951ರ ಡಿಸೆಂಬರಿನಲ್ಲಿ ಗ್ಲಾಸ್ಗೋವಿನ ಸೆಲ್ಟಿಕ್ ಸಂಸ್ಥೆಯಿಂದ ಕರೆ ಬಂದಿತು. ಅಲ್ಲಿಯ ತರಬೇತುಗಾರ ಜಿಮ್ಮಿ ಗ್ರಿಬೆನ್ ಇವನ ಹೆಸರನ್ನು ಸೂಚಿಸಿದ್ದನು. ಕೊಂಡದ್ದು ಮೀಸಲು ತಂಡದ ಹುಡುಗರಿಗೆ ಹಿರಿಯನಾಗಿರಲಿ ಎಂದು, 1,200 ಪೌಂಡಿಗೆ. ಆದರೆ ಮೊದಲ ತಂಡದವರಿಗೆ ಒಬ್ಬರ ಮೇಲೊಬ್ಬರಿಗೆ ಪೆಟ್ಟಾಗಿ ಸ್ಟೀನನಿಗೆ ಸ್ಥಾನ ದೊರೆಯಿತು. ಕೆಲಕಾಲದಲ್ಲೇ ನಾಯಕತ್ವವೂ ಬಂದಿತು. ಅವನ ನಾಯಕತ್ವದಲ್ಲಿ ಸೆಲ್ಟಿಕ್ 1953ರಲ್ಲಿ ಕಾರೊನೇಷನ್ ಕಪ್ಪನ್ನೂ, 1954ರಲ್ಲಿ ಲೀಗ್ ಮತ್ತು ಸ್ಕಾಟಿಷ್ ಕಪ್ ಎರಡನ್ನೂ ಗೆದ್ದಿತು. ಲೀಗ್ ಕೈಸೇರಿದ್ದು 1938ರ ಬಳಿಕ ಅದೇ ಮೊದಲು.

ಇಲ್ಲಿ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸೆಲ್ಟಿಕ್ ಸಂಸ್ಥೆಯು ಐರ್ಲೆಂಡಿನಿಂದ ವಲಸೆ ಬಂದ ಬಡ ಕ್ಯಾಥೊಲಿಕರ ನೆರವಿಗಾಗಿ 1887ರಲ್ಲಿ ಹುಟ್ಟಿದ್ದು. ನಗರದ ಇನ್ನೊಂದು ದೊಡ್ಡ ಸಂಸ್ಥೆಯಾದ ರೇಂಜರ್ಸ್ ಪ್ರಾಟೆಸ್ಟೆಂಟರ ಅಭಿಮಾನದ ತಂಡ. ಎರಡೂ ಪಂಗಡಗಳ ನಡುವಣ ಹಗೆ ಆಟದ ಮೈದಾನದ ಆಚೆಗೂ ಹಬ್ಬಿತ್ತು. ಸ್ಟೀನ್ ಪ್ರಾಟೆಸ್ಟೆಂಟ್, ತಂದೆ ರೇಂಜರ್ಸ್ ಅಭಿಮಾನಿ. ಮಗನು ಸೆಲ್ಟಿಕ್ಕಿನ ಹಸಿರು ಬಿಳಿ ಅಂಗಿ ತೊಟ್ಟಾಗ ಹಳೆಯ ಗೆಳೆಯರಲ್ಲಿ ಕೆಲವರು ದೂರವಾದರು. ಸ್ಟೀನ್ ಅದನ್ನು ಸಹಿಸಿಕೊಂಡನು. ತನ್ನ ಮತವನ್ನೂ ಬಿಡಲಿಲ್ಲ, ತಂಡವನ್ನೂ ಬಿಡಲಿಲ್ಲ.

1954ರಲ್ಲಿ ಸೆಲ್ಟಿಕ್ ಅಧ್ಯಕ್ಷ ರಾಬರ್ಟ್ ಕೆಲ್ಲಿಯು ತನ್ನ ಆಟಗಾರರನ್ನು ವಿಶ್ವಕಪ್ ನೋಡಲೆಂದು ಸ್ವಿಟ್ಜರ್ಲೆಂಡಿಗೆ ಕರೆದೊಯ್ದನು. ಆ ಕಾಲದ ಹಂಗೇರಿ ತಂಡದಲ್ಲಿ ಸೆಂಟರ್ ಫಾರ್ವರ್ಡನು ಮುಂದೆ ನಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದನು. ಅವನನ್ನು ಕಾಯಬೇಕಾದ ಸೆಂಟರ್ ಹಾಫ್ ಅವನ ಬೆನ್ನು ಹತ್ತಿದರೆ ಗೋಲಿನ ಮುಂದೆ ಬಯಲಾಗುತ್ತದೆ. ಹತ್ತದಿದ್ದರೆ ಅವನಿಗೆ ತಡೆಯೇ ಇಲ್ಲ. ಈ ಇಕ್ಕಟ್ಟು ಎಂಥದೆಂಬುದು ಆ ಸ್ಥಾನದಲ್ಲಿಯೇ ಆಡುತ್ತಿದ್ದವನಿಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗದೆ ಇರಲಾರದು. ಮರುವರ್ಷ ರೇಂಜರ್ಸ್ ವಿರುದ್ಧದ ಪಂದ್ಯದಲ್ಲಿ ಸ್ಟೀನನ ಕಾಲಿನ ಹರಡಿಗೆ ಏಟು ಬಿದ್ದಿತು. 1957ರ ಜನವರಿಯಲ್ಲಿ ಆತನು ಆಟದಿಂದ ನಿವೃತ್ತನಾಗಿ, ಮೀಸಲು ತಂಡದ ಹುಡುಗರಿಗೆ ಕಲಿಸುವ ಕೆಲಸಕ್ಕೆ ನಿಂತನು. ಆ ಹುಡುಗರಲ್ಲಿ ಬಿಲ್ಲಿ ಮೆಕ್‌ನೀಲ್ ಎಂಬ ಎತ್ತರದ ಸೆಂಟರ್ ಹಾಫ್ ಒಬ್ಬನು.

1960ರ ಮಾರ್ಚಿಯಲ್ಲಿ ಡನ್‌ಫರ್ಮ್‌ಲಿನ್ ತಂಡ ಸ್ಟೀನನನ್ನು ಮ್ಯಾನೇಜರನನ್ನಾಗಿ ನೇಮಿಸಿಕೊಂಡಿತು. ಕೆಳಗಿನ ದರ್ಜೆಗೆ ಜಾರುವ ಸ್ಥಿತಿಯಲ್ಲಿದ್ದ ತಂಡವದು. ಅವನು ಬಂದ ಮೇಲಿನ ಮೊದಲ ಆರು ಪಂದ್ಯಗಳನ್ನೂ ಗೆದ್ದು ಅದು ಪಾರಾಯಿತು. ಮರುವರ್ಷ ಸ್ಕಾಟಿಷ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲಿಸಿದ್ದು ಬೇರಾರನ್ನೂ ಅಲ್ಲ, ಸೆಲ್ಟಿಕ್ಕನ್ನೇ. 1963ರಲ್ಲಿ ಆತನು ಇಟಲಿಯ ಮಿಲಾನ್ ನಗರಕ್ಕೆ ಹೋಗಿ, ಇಂಟರ್ ತಂಡವನ್ನು ಹೆಲೆನಿಯೊ ಹೆರೆರಾ ಹೇಗೆ ತಯಾರು ಮಾಡುತ್ತಾನೆಂಬುದನ್ನು ಅಭ್ಯಾಸ ಮಾಡಿ ಬಂದನು. 1964ರಲ್ಲಿ ಹಿಬರ್ನಿಯನ್ ತಂಡವನ್ನು ವಹಿಸಿಕೊಂಡು, 1965ರ ಮಾರ್ಚಿಯಲ್ಲಿ ಸೆಲ್ಟಿಕ್ಕಿಗೇ ಮ್ಯಾನೇಜರನಾಗಿ ಮರಳಿದನು. ಆ ಸಂಸ್ಥೆಯ ನಾಲ್ಕನೆಯ ಮ್ಯಾನೇಜರ್ ಅವನು, ಕ್ಯಾಥೊಲಿಕನಲ್ಲದವರಲ್ಲಿ ಮೊದಲಿಗ.

ಮ್ಯಾನೇಜರ್ ಎಂದರೆ ಕೋಟು ತೊಟ್ಟು ಕಚೇರಿಯಲ್ಲಿ ಕೂಡುವವನೆಂಬ ರೂಢಿ ಅಲ್ಲಿ ಇನ್ನೂ ಹೋಗಿರಲಿಲ್ಲ. ಆಟಗಾರರ ತರಬೇತಿಯೆಂದರೆ ಮೈದಾನದ ಸುತ್ತ ಓಟ. ಸ್ಟೀನ್ ತಾನೇ ಮೈದಾನಕ್ಕಿಳಿದನು. ಪ್ರತಿದಿನದ ಅಭ್ಯಾಸವನ್ನು ಚೆಂಡಿನೊಡನೆಯೇ ನಡೆಸಿದನು. ಬಂದ ಕೆಲವೇ ವಾರಗಳಲ್ಲಿ ಸ್ಕಾಟಿಷ್ ಕಪ್ ಬಂದಿತು. ಗೆಲುವಿನ ಗೋಲನ್ನು ತಲೆಯಿಂದ ಹೊಡೆದವನು ಮೆಕ್‌ನೀಲ್. 1966ರಿಂದ 1974ರವರೆಗೆ ಒಂಬತ್ತು ವರ್ಷ ಎಡೆಬಿಡದೆ ಲೀಗ್ ಪ್ರಶಸ್ತಿ ಸೆಲ್ಟಿಕ್ಕಿಗೇ ದೊರೆಯಿತು.

ಆದರೆ ಸ್ಟೀನನ ವಿದ್ಯೆಯನ್ನು ಅರಿಯಲು 1967ರ ಮೇ 25ರಂದು ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ನಡೆದ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯವೊಂದೇ ಸಾಕು. ಯೂರೋಪಿನ ಎಲ್ಲ ದೇಶಗಳ ಲೀಗ್ ವಿಜೇತರು ಸೆಣಸುವ ಸ್ಪರ್ಧೆಯದು. ಎದುರಾಳಿ, 1964 ಮತ್ತು 1965ರಲ್ಲಿ ಈ ಕಪ್ಪನ್ನು ಗೆದ್ದಿದ್ದ ಅದೇ ಇಂಟರ್. ಅದರ ಗುರು ಅದೇ ಹೆರೆರಾ. ಅವನ ಪದ್ಧತಿಗೆ ಇಟಲಿಯ ಭಾಷೆಯಲ್ಲಿ ‘ಕತೆನಾಚ್ಚೊ’ ಎಂದು ಹೆಸರು. ಬಾಗಿಲಿಗೆ ಹಾಕುವ ಅಗುಳಿ ಎಂದು ಇದರ ಅರ್ಥ. ಎದುರಾಳಿಯ ಒಬ್ಬೊಬ್ಬ ಫಾರ್ವರ್ಡನಿಗೂ ಒಬ್ಬೊಬ್ಬ ಕಾವಲುಗಾರ ನೆರಳಿನಂತೆ ಅಂಟಿಕೊಳ್ಳುತ್ತಾನೆ. ಇವರೆಲ್ಲರ ಹಿಂದೆ, ಯಾರನ್ನೂ ಕಾಯದೆ, ತಪ್ಪಿಬಂದ ಚೆಂಡನ್ನು ಗುಡಿಸಿಹಾಕಲು ಇನ್ನೊಬ್ಬ ನಿಂತಿರುತ್ತಾನೆ. ಮೊದಲು ಒಂದು ಗೋಲು ಗಳಿಸಿ, ಬಳಿಕ ಅಗುಳಿ ಹಾಕಿಕೊಂಡರೆ ಬಾಗಿಲು ತೆರೆಯುವುದು ದುಸ್ಸಾಧ್ಯ.

ಸೆಲ್ಟಿಕ್ಕಿನ ಹನ್ನೊಂದು ಆಟಗಾರರೂ ತಮ್ಮ ಮೈದಾನದಿಂದ ಸುಮಾರು 30 ಮೈಲಿಗಳೊಳಗೆ ಹುಟ್ಟಿದವರು. ಅವರಲ್ಲಿ ಕ್ಯಾಥೊಲಿಕರೂ ಇದ್ದರು, ಪ್ರಾಟೆಸ್ಟೆಂಟರೂ ಇದ್ದರು. ಏಳನೆಯ ನಿಮಿಷದಲ್ಲಿಯೇ ಇಂಟರಿಗೆ ಪೆನಾಲ್ಟಿ ದೊರೆತು ಮಜ್ಜೋಲಾ ಗೋಲು ಹೊಡೆದನು. ಹೆರೆರಾನ ಲೆಕ್ಕದಂತೆಯೇ ಅಗುಳಿ ಬಿದ್ದಿತು.

ಆಗ ನಡೆದುದನ್ನು ಗಮನಿಸಬೇಕು. ಕಾವಲುಗಾರ ತಾನು ಕಾಯುವವನನ್ನು ಬಿಡುವುದಿಲ್ಲವಷ್ಟೆ? ಹಾಗಾದರೆ ಫಾರ್ವರ್ಡನು ಹೋದಲ್ಲಿಗೆ ಅವನೂ ಹೋಗಲೇಬೇಕು. ಸೆಲ್ಟಿಕ್ಕಿನ ಫಾರ್ವರ್ಡುಗಳು ತಮ್ಮ ಸ್ಥಾನ ಬಿಟ್ಟು ಒಳಕ್ಕೂ ಹೊರಕ್ಕೂ ಸರಿದಾಡಿ, ಕಾವಲುಗಾರರನ್ನು ತಮ್ಮ ಬೆನ್ನಿಗೆ ಕಟ್ಟಿಕೊಂಡು ಎಳೆದೊಯ್ದರು. ತೆರವಾದ ಜಾಗಕ್ಕೆ ಹಿಂದಿನಿಂದ ಬ್ಯಾಕುಗಳು ನುಗ್ಗಿದರು. ಇವರನ್ನು ಕಾಯಲು ಇಂಟರಿನಲ್ಲಿ ಯಾರೂ ನೇಮಕವಾಗಿರಲಿಲ್ಲ. ಎರಡು ಸಲ ಚೆಂಡು ಗೋಲಿನ ಅಡ್ಡಕಂಬಕ್ಕೆ ಬಡಿಯಿತು. ಗೋಲ್‌ಕೀಪರ್ ಸಾರ್ತಿ ಅನೇಕ ಹೊಡೆತಗಳನ್ನು ತಡೆದನು. 63ನೆಯ ನಿಮಿಷದಲ್ಲಿ ರೈಟ್ ಬ್ಯಾಕ್ ಕ್ರೇಗ್ ಚೆಂಡನ್ನು ಕೊಟ್ಟನು, ಲೆಫ್ಟ್ ಬ್ಯಾಕ್ ಗೆಮ್ಮೆಲ್ ದೂರದಿಂದ ಹೊಡೆದನು, ಗೋಲಾಯಿತು. ಒಬ್ಬ ಬ್ಯಾಕ್ ಕೊಟ್ಟು ಇನ್ನೊಬ್ಬ ಬ್ಯಾಕ್ ಹೊಡೆದ ಗೋಲು! ಆಟ ಮುಗಿಯಲು ಐದಾರು ನಿಮಿಷಗಳಿರುವಾಗ ಎರಡನೆಯದೂ ಗೆಮ್ಮೆಲ್ಲನ ಕಾಲಿನಿಂದಲೇ ಮೊದಲಾಯಿತು. ಅವನು ಹಿಂದಕ್ಕೆ ಕೊಟ್ಟ ಚೆಂಡನ್ನು ಮರ್ಡಾಕ್ ಹೊಡೆದನು. ಚಾಮರ್ಸ್ ಅದನ್ನು ಒಳಗೆ ತಿರುಗಿಸಿದನು. 2–1. ಈ ಕಪ್ಪನ್ನು ಗೆದ್ದ ಬ್ರಿಟನ್ನಿನ ಮೊದಲ ತಂಡ ಸೆಲ್ಟಿಕ್. ಅಗುಳಿ ಯಾವ ಕಡೆಯಿಂದ ಸಡಿಲವೆಂಬುದು ಹೊರಗಿನಿಂದ ಬಾಗಿಲು ತಟ್ಟುವವನಿಗೆ ತಿಳಿಯದು. ಒಳಗೆ ನಿಂತು ವರ್ಷಗಟ್ಟಲೆ ಅದನ್ನು ಹಾಕಿದವನಿಗೆ ತಿಳಿದಿರುತ್ತದೆ.

ತಂತ್ರದಷ್ಟೇ ಮನುಷ್ಯರ ಸ್ವಭಾವವನ್ನೂ ಸ್ಟೀನ್ ಬಲ್ಲವನಾಗಿದ್ದನು. ಸೆಲ್ಟಿಕ್ಕಿನ ಪುಟ್ಟ ದೇಹದ ರೈಟ್ ವಿಂಗ್ ಆಟಗಾರ ಜಾನ್‌ಸ್ಟನ್ನನಿಗೆ ವಿಮಾನವೆಂದರೆ ಭಯ. 1968ರಲ್ಲಿ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡದೊಡನೆ ಗ್ಲಾಸ್ಗೋವಿನಲ್ಲಿ ಮೊದಲ ಪಂದ್ಯ, ಮಧ್ಯಂತರದಲ್ಲಿ 1–1. ನಾಲ್ಕು ಗೋಲುಗಳ ಅಂತರದಿಂದ ಗೆದ್ದರೆ ಎರಡನೆಯ ಪಂದ್ಯಕ್ಕೆ ನೀನು ವಿಮಾನ ಹತ್ತಬೇಕಿಲ್ಲವೆಂದು ಸ್ಟೀನ್ ಅವನಿಗೆ ಮಾತು ಕೊಟ್ಟನು. ಪಂದ್ಯ 5–1ರಲ್ಲಿ ಮುಗಿಯಿತು!

ಆತನಿಗೆ ಸೋಲೇ ಇರಲಿಲ್ಲವೆಂದು ಹೇಳಿದರೆ ಅದು ಸ್ತುತಿಯಾದೀತೇ ಹೊರತು ಅಧ್ಯಯನವಾಗದು. 1970ರಲ್ಲಿ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯಕ್ಕೆ ಸೆಲ್ಟಿಕ್ ಮತ್ತೆ ಬಂದಿತು. ಹಾಲೆಂಡಿನ ಫೆಯನೂರ್ಡ್ ತಂಡವನ್ನು ಹಗುರವಾಗಿ ಕಂಡದ್ದಕ್ಕೆ ಹೆಚ್ಚುವರಿ ಆಟದಲ್ಲಿ 2–1ರ ಸೋಲಾಯಿತು. ಆ ತಂಡದ ಗುರು ಆಸ್ಟ್ರಿಯದ ಅರ್ನ್ಸ್ಟ್ ಹಾಪೆಲ್. ಅವನೂ ಒಂದು ಕಾಲದ ಬ್ಯಾಕ್ ಆಟಗಾರನೇ. 1975ರಲ್ಲಿ ಮೋಟಾರು ಅಪಘಾತದಲ್ಲಿ ಸ್ಟೀನ್ ತೀವ್ರವಾಗಿ ಗಾಯಗೊಂಡು ಒಂದು ವರ್ಷ ಕೆಲಸದಿಂದ ದೂರವಿದ್ದನು. 1977ರಲ್ಲಿ ಹತ್ತನೆಯ ಬಾರಿಗೆ ಲೀಗ್ ಗೆದ್ದು, ಮರುವರ್ಷ ಸ್ಥಾನವನ್ನು ತನ್ನ ಶಿಷ್ಯ ಮೆಕ್‌ನೀಲನಿಗೆ ಬಿಟ್ಟುಕೊಟ್ಟನು. ಸೆಲ್ಟಿಕ್ ಅವನಿಗೆ ಮುಂದೆ ಕೊಡಬಯಸಿದ್ದು ಸಂಸ್ಥೆಗೆ ಹಣ ಕೂಡಿಸುವ ಕೆಲಸ. ಮೈದಾನದ ಮನುಷ್ಯನಿಗೆ ಅದು ಒಗ್ಗಲಿಲ್ಲ. ಇಂಗ್ಲೆಂಡಿನ ಲೀಡ್ಸ್ ತಂಡದಲ್ಲಿ 44 ದಿನವಿದ್ದು, 1978ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಮ್ಯಾನೇಜರನಾದನು. ಆಟಗಾರನಾಗಿ ತೊಡಲು ಸಿಗದ ದೇಶದ ಅಂಗಿಯನ್ನು ಇತರರಿಗೆ ತೊಡಿಸುವ ಅಧಿಕಾರ ಕಡೆಗೆ ಅವನ ಕೈಗೆ ಬಂದಿತು. 1982ರ ವಿಶ್ವಕಪ್ಪಿಗೆ ತಂಡವನ್ನು ಕರೆದೊಯ್ದನು.

ಇಷ್ಟೆಲ್ಲ ಕೀರ್ತಿ ಬಂದ ಮೇಲೂ ಆತನು ಗಣಿಯವರನ್ನು ಮರೆಯಲಿಲ್ಲ. 1984–85ರ ದೊಡ್ಡ ಮುಷ್ಕರದಲ್ಲಿ ಅವನ ಸಹಾನುಭೂತಿ ಮುಷ್ಕರ ಹೂಡಿದ ಗಣಿ ಕಾರ್ಮಿಕರ ಕಡೆಗೇ ಇದ್ದಿತು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ಸಂಗತಿ ನನ್ನ ಮನಸ್ಸಿಗೆ ವಿಶೇಷವಾಗಿ ನಾಟಿತು. ಮೇಲೆ ಬಂದವನು ಕೆಳಗೆ ಉಳಿದವರಿಗೆ ಏನು ಸಲ್ಲಿಸಬೇಕು ಎಂಬುದು ನಮ್ಮಲ್ಲಿ ಹಲವರ ಮುಂದೆ ಇರುವ ಪ್ರಶ್ನೆ.

1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್ ನಗರದಲ್ಲಿ ವೇಲ್ಸ್ ವಿರುದ್ಧ ಪಂದ್ಯ. ಮುಂದಿನ ವಿಶ್ವಕಪ್ಪಿನ ಆಸೆ ಉಳಿಯಬೇಕಾದರೆ ಸ್ಕಾಟ್ಲೆಂಡ್ ಸೋಲಬಾರದು. 81ನೆಯ ನಿಮಿಷದಲ್ಲಿ ಡೇವಿ ಕೂಪರ್ ಪೆನಾಲ್ಟಿಯಿಂದ ಪಂದ್ಯವನ್ನು 1–1 ಮಾಡಿದನು. ಆಟದ ಕೊನೆಯ ಗಳಿಗೆಗಳಲ್ಲಿ ಸ್ಟೀನ್ ಮೈದಾನದ ಅಂಚಿನಲ್ಲಿಯೇ ಕುಸಿದುಬಿದ್ದು, ಅಲ್ಲಿಯ ಚಿಕಿತ್ಸೆಯ ಕೋಣೆಯಲ್ಲಿ ತೀರಿಕೊಂಡನು. ಆಗ ವಯಸ್ಸು 62. ಸಹಾಯಕನಾಗಿದ್ದ ಅಲೆಕ್ಸ್ ಫರ್ಗುಸನ್ ಆ ತಂಡವನ್ನು 1986ರ ವಿಶ್ವಕಪ್ಪಿಗೆ ನಡೆಸಿಕೊಂಡು ಹೋದನು. ಇಂಗ್ಲೆಂಡಿನಲ್ಲಿ ಮುಂದೆ ಮಹಾ ಮ್ಯಾನೇಜರನೆನಿಸಿದವನು ಇವನೇ.

ಸೆಲ್ಟಿಕ್ಕಿಗೆ ಸ್ಟೀನ್ ಗೆದ್ದುಕೊಟ್ಟದ್ದು ಹತ್ತು ಲೀಗ್, ಎಂಟು ಸ್ಕಾಟಿಷ್ ಕಪ್, ಆರು ಲೀಗ್ ಕಪ್ ಮತ್ತು ಒಂದು ಯೂರೋಪಿಯನ್ ಕಪ್. ಈ ಸಂಖ್ಯೆಗಳನ್ನು ಮರೆತರೂ ಹಾನಿಯಿಲ್ಲ. ಹಿಂದೆ ನಿಂತವನಿಗೆ ಇಡೀ ಮೈದಾನ ಕಣ್ಣೆದುರಿಗಿರುತ್ತದೆ, ನೋಡುವ ಮನಸ್ಸಿದ್ದರೆ ಅಲ್ಲಿಯೇ ಪಾಠಶಾಲೆಯಿದೆ ಎಂಬುದನ್ನು ಮಾತ್ರ ಮರೆಯಬಾರದು. ಸ್ಟೀನ್ ಅಲ್ಲಿ ಕಲಿತನು, ಹಂಗೇರಿಯವರಿಂದ ಕಲಿತನು, ಮುಂದೆ ತಾನು ಸೋಲಿಸಬೇಕಾಗಿದ್ದ ಹೆರೆರಾನಿಂದಲೂ ಕಲಿತನು. ಕಲಿತದ್ದನ್ನು ಗುಟ್ಟಾಗಿ ಇಟ್ಟುಕೊಳ್ಳದೆ ಊರಿನ ಹುಡುಗರಿಗೆ ಕಲಿಸಿದನು. ಆಟದ ಬಯಲಿನಲ್ಲಾಗಲಿ, ತರಗತಿಯಲ್ಲಾಗಲಿ, ಹಿಂದಿನ ಸಾಲಿನಲ್ಲಿ ನಿಂತಿರುವ ನನ್ನ ಸಹಪಾಠಿಗಳಿಗೆ ಈ ಜೀವನ ಧೈರ್ಯವನ್ನು ಕೊಡಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸುತ್ತೇನೆ.