ತುಂಡು ಬಟ್ಟೆಯ ಟೋಪಿ ಅಂಗಿ: ಹೊಲಿಯುವವರಿಗೊಂದಿಷ್ಟು ಕಿವಿಮಾತು

ಹೊಲಿಗೆ ಮಿಷನ್ ಇರುವ ಮನೆಯಲ್ಲಿ ತುಂಡು ಬಟ್ಟೆಯ ಚೀಲವೂ ಇದ್ದೇ ಇರುತ್ತದೆ. ರವಿಕೆ ಕತ್ತರಿಸಿ ಉಳಿದದ್ದು, ಚೂಡಿದಾರದ ಬಿಟ್ಟು, ಪರದೆಯ ಅಂಚು, ಮೊಣಕಾಲು ಸವೆದ ಜೀನ್ಸು ಎಲ್ಲ ಅದರೊಳಗೆ. 'ಯಾವತ್ತಾದರೂ ಬೇಕಾಗುತ್ತದೆ' ಅಂತ ಎತ್ತಿಡುತ್ತೀರಿ, ಆಮೇಲೆ ಮರೆಯುತ್ತೀರಿ. ಅದೇ ಚೀಲದಿಂದ ಐದಾರು ವರ್ಷದ ಮಗುವಿಗೆ ಚಳಿಗಾಲಕ್ಕೊಂದು ಟೋಪಿ ಅಂಗಿ, ಮಕ್ಕಳ ಬಾಯಲ್ಲಿ ಹೂಡಿ, ಧಾರಾಳವಾಗಿ ಆಗುತ್ತದೆ. ಅವಸರ ಮಾಡದಿದ್ದರೆ ಸಾಕು.

ಕತ್ತರಿ ಹಿಡಿಯುವ ಮುಂಚೆ

• ತುಂಡುಗಳನ್ನೆಲ್ಲ ಚಾಪೆಯ ಮೇಲೆ ಸುರಿದು ಮೂರು ಗುಡ್ಡೆ ಮಾಡಿ: ಟೀ ಶರ್ಟಿನಂಥ ಹಿಗ್ಗುವ ಬಟ್ಟೆ, ಹಿಗ್ಗದ ಹತ್ತಿ, ಜೀನ್ಸಿನಂಥ ದಪ್ಪದ್ದು. ಹಿಗ್ಗುವುದನ್ನೂ ಹಿಗ್ಗದ್ದನ್ನೂ ಅಕ್ಕಪಕ್ಕ ಹೊಲಿದರೆ ನಾಲ್ಕು ಒಗೆತಕ್ಕೆ ಹೊಲಿಗೆ ಸೊಟ್ಟಗಾಗುತ್ತದೆ.

• ಹತ್ತಿಯ ತುಂಡುಗಳನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಹೊಸ ಹತ್ತಿ ನೀರು ಕಂಡರೆ ಕುಗ್ಗುತ್ತದೆ, ಹಳೆಯದು ಕುಗ್ಗಿ ಮುಗಿದಿರುತ್ತದೆ. ಮೊದಲೇ ನೆನೆಸದಿದ್ದರೆ ಹೊಲಿದ ಮೇಲೆ ಅಂಗಿ ಅಲ್ಲಲ್ಲಿ ಸುಕ್ಕು ಹಿಡಿಯುತ್ತದೆ.

• ಕೆಂಪು, ಕಡುನೀಲಿ, ಮೆರೂನ್ ತುಂಡುಗಳನ್ನು ಬೇರೆಯಾಗಿ ನೆನೆಸಿ. ಒದ್ದೆ ಇರುವಾಗಲೇ ಬಿಳಿ ಬಟ್ಟೆಯಿಂದ ಒತ್ತಿ ನೋಡಿ. ಬಣ್ಣ ಅಂಟಿದರೆ ಆ ತುಂಡು ಕಾಲೊರಸಿಗೆ ಇರಲಿ, ಅಂಗಿಗೆ ಬೇಡ.

• ಹಳೆಯ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಳೆ ಎಳೆಯಾಗಿ ಬೆಳಕು ಕಂಡ ಕಡೆ ಬಟ್ಟೆ ಸವೆದಿದೆ ಎಂದೇ ಅರ್ಥ. ಅಷ್ಟು ಭಾಗ ಬಿಟ್ಟು ಕತ್ತರಿಸಿ. ಎಷ್ಟೇ ಗಟ್ಟಿ ಹೊಲಿದರೂ ಸವೆದದ್ದು ಹೊಲಿಗೆಯ ಪಕ್ಕದಲ್ಲೇ ಹರಿಯುತ್ತದೆ.

• ಅಳತೆಗೆ ಮಗುವಿನ ಸಡಿಲವಾದ ಟೀ ಶರ್ಟೊಂದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹರಡಿ ಗೆರೆ ಎಳೆದುಕೊಳ್ಳಿ. ದಿನಪತ್ರಿಕೆ ಬೇಡ, ಅದರ ಮಸಿ ತಿಳಿಬಣ್ಣದ ಬಟ್ಟೆಗೆ ಹತ್ತುತ್ತದೆ. ಹಿಗ್ಗದ ಹತ್ತಿಯಲ್ಲಿ ಹೊಲಿಯುವುದಾದರೆ ಎರಡೂ ಪಕ್ಕಕ್ಕೆ ಒಂದೊಂದು ಇಂಚು ಹೆಚ್ಚು ಬಿಡಿ, ಒಳಗೆ ಸ್ವೆಟರ್ ಹಾಕಿದರೂ ಹಿಡಿಯಬಾರದು.

ಕತ್ತರಿಸುವಾಗ

• ಸಣ್ಣ ತುಂಡುಗಳನ್ನು ಮೊದಲು ಕೂಡಿಸಿ ಹೊಲಿದು ಒಂದು ಹಾಳೆಯಷ್ಟು ಮಾಡಿಕೊಳ್ಳಿ, ಇಸ್ತ್ರಿ ಮಾಡಿ, ಆಮೇಲೆ ಕಾಗದ ಇಟ್ಟು ಕತ್ತರಿಸಿ. ಒಂದೊಂದೇ ತುಂಡು ಅಳತೆಗೆ ಕತ್ತರಿಸಿ ಕೂಡಿಸ ಹೊರಟರೆ ಅರ್ಧ ಬಟ್ಟೆ ಮಾರ್ಜಿನ್‌ಗೇ ಹೋಗುತ್ತದೆ.

• ತುಂಡುಗಳು ತೀರಾ ಚಿಕ್ಕವಿದ್ದರೆ ಅಡಿಗೊಂದು ಹಳೆಯ ಹತ್ತಿ ಸೀರೆ ಕೊಡಿ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರು ಕೌದಿ ಹೊಲಿಯುವುದು ಹೀಗೇ: ಮೂಲೆಯಿಂದ ಶುರುಮಾಡಿ, ಪ್ರತಿ ತುಂಡಿನ ಅಂಚು ಒಳಗೆ ಮಡಚಿ, ಕೈಹೊಲಿಗೆ ಹಾಕುತ್ತ ನಡುವಿಗೆ ಬರುತ್ತಾರೆ. ಅಡಿಬಟ್ಟೆ ಇದ್ದರೆ ತುಂಡು ಜಗ್ಗುವುದಿಲ್ಲ, ಬೆಚ್ಚಗೂ ಇರುತ್ತದೆ.

• ದಪ್ಪ ಬಟ್ಟೆ ಮೈಗಿರಲಿ, ಹಗುರಾದದ್ದು ಟೋಪಿಗಿರಲಿ. ಜೀನ್ಸಿನ ಟೋಪಿ ನೋಡಲು ಚೆಂದ, ಆದರೆ ಅದರ ಭಾರಕ್ಕೆ ಅಂಗಿ ಹಿಂದಕ್ಕೆ ಜಗ್ಗಿ ಮಗುವಿನ ಕುತ್ತಿಗೆ ಒತ್ತುತ್ತದೆ.

• ಟೋಪಿಯನ್ನು ಮೂರು ಭಾಗ ಮಾಡಿ: ಎರಡು ಕೆನ್ನೆ, ನಡುವೆ ನೆತ್ತಿಯಿಂದ ಕತ್ತಿನವರೆಗೆ ಮೂರಿಂಚು ಅಗಲದ ಪಟ್ಟಿ. ದೊಡ್ಡ ತುಂಡು ಬೇಕಾಗುವುದಿಲ್ಲ, ತಲೆಯ ಮೇಲೆ ಗುಂಡಗೆ ಕೂರುತ್ತದೆ.

• ಟೇಪನ್ನು ಕುತ್ತಿಗೆಯ ಕುಳಿಯಿಂದ ನೆತ್ತಿಯ ಮೇಲೆ ಸುತ್ತಿ ಮತ್ತೆ ಕುಳಿಗೆ ತನ್ನಿ. ಬಂದದ್ದರಲ್ಲಿ ಅರ್ಧ ಟೋಪಿಯ ಎತ್ತರ. ಅದಕ್ಕೆ ಒಂದಿಂಚು ಸೇರಿಸಿ. ಮಗು ತಲೆ ತಗ್ಗಿಸಿದಾಗ ಟೋಪಿ ಹಿಂದೆ ಜಾರಬಾರದು.

• ಕುತ್ತಿಗೆಯನ್ನು ಅಂದಾಜಿನಲ್ಲಿ ಕತ್ತರಿಸಬೇಡಿ. ಐದಾರು ವರ್ಷದ ಮಗುವಿನ ಕತ್ತು 11 ಇಂಚಿನ ಆಸುಪಾಸು, ತಲೆಯ ಸುತ್ತಳತೆ ಸುಮಾರು 20 ಇಂಚು. ಹಿಗ್ಗದ ಬಟ್ಟೆಯಾದರೆ ಮುಂದೆ ಐದಿಂಚು ಸೀಳು ಬಿಡಲೇಬೇಕು. ಟೋಪಿ ಕೂಡಿಸುವ ಮೊದಲೇ ಒಮ್ಮೆ ತಲೆಗೆ ತೂರಿಸಿ ನೋಡಿ, ಆಮೇಲೆ ಬಿಚ್ಚುವ ಕೆಲಸ ತಪ್ಪುತ್ತದೆ.

ಮಿಷನ್ ಮುಂದೆ ಕೂತಾಗ

• ಸೂಜಿ ಬದಲಿಸುವುದಕ್ಕೆ ಸೋಮಾರಿತನ ಬೇಡ. ಸಾಧಾರಣ ಹತ್ತಿಗೆ 14, ಜೀನ್ಸಿಗೆ 16, ಟೀ ಶರ್ಟ್ ಬಟ್ಟೆಗೆ ಬಾಲ್ ಪಾಯಿಂಟ್ ಸೂಜಿ. ಚೂಪು ಸೂಜಿ ಹಿಗ್ಗುವ ಬಟ್ಟೆಯ ಕುಣಿಕೆ ಕತ್ತರಿಸುತ್ತದೆ. ಒಗೆದಾಗ ಆ ತೂತು ದೊಡ್ಡದಾಗುತ್ತದೆ.

• ತುಂಡಿಗೊಂದು ಬಣ್ಣದ ದಾರ ಕೊಳ್ಳಬೇಡಿ. ಒಂದು ಬೂದುಬಣ್ಣದ ರೀಲು ಸಾಕು, ಅದು ಹೆಚ್ಚಿನ ಬಣ್ಣಗಳಲ್ಲಿ ಸೇರಿಹೋಗುತ್ತದೆ. ಪದೇ ಪದೇ ಬಾಬಿನ್ ತುಂಬುವುದೂ ತಪ್ಪುತ್ತದೆ.

• ಜೇಬನ್ನು ಪಕ್ಕ ಮುಚ್ಚುವ ಮೊದಲೇ, ಅಂಗಿ ಚಪ್ಪಟೆ ಇರುವಾಗಲೇ ಹೊಲಿಯಿರಿ. ಬಾಯಿಯ ಮೂಲೆಗಳಲ್ಲಿ ಹಿಂದೆ ಮುಂದೆ ಮೂರು ಸಲ ಹೊಲಿಗೆ ಓಡಿಸಿ. ಮಕ್ಕಳು ಅದರಲ್ಲಿ ಕಲ್ಲು, ಗೋಲಿ ತುಂಬುತ್ತಾರೆ, ಮೊದಲು ಕಿತ್ತು ಬರುವುದೇ ಆ ಮೂಲೆ.

• ಟೋಪಿ ಕೂಡಿಸುವಾಗ ಹಿಂಭಾಗದ ನಡುವಿಗೆ ಗುಂಡುಸೂಜಿ ಚುಚ್ಚಿ, ಅಲ್ಲಿಂದ ಎರಡೂ ಕಡೆಗೆ ಹೊಲಿಯುತ್ತ ಬನ್ನಿ. ಒಂದು ತುದಿಯಿಂದ ಶುರುಮಾಡಿದರೆ ಕೊನೆಗೆ ಒಂದು ಕಡೆ ಬಟ್ಟೆ ಮಿಗುತ್ತದೆ, ಟೋಪಿ ಕಿವಿಯ ಕಡೆ ತಿರುಗುತ್ತದೆ.

• ಟೋಪಿಯ ಒಳಗೆ ಹಳೆಯ ಹತ್ತಿ ಸೀರೆಯೋ ಪಂಚೆಯೋ ಕೊಡಿ. ಗುಳೇದಗುಡ್ಡದ ಖಣದ ತುಂಡಿನಲ್ಲಿ ಕುಂಚಿಗೆ ಹೊಲಿದವರಿಗೆ ಇದು ಗೊತ್ತು: ಚೆಂದ ಹೊರಗೆ, ಮೆತ್ತಗಿನದು ಒಳಗೆ. ಜರಿ, ಲೇಸು, ಮಿಂಚಿನ ಬಟ್ಟೆ ಕೆನ್ನೆಗೆ ತಾಗುವ ಕಡೆ ಬಂದರೆ ಮಗು ಟೋಪಿ ಹಾಕಿಕೊಳ್ಳುವುದೇ ಇಲ್ಲ.

• ಟೋಪಿಗೆ ಲಾಡಿ ಹಾಕಬೇಡಿ, ಎಷ್ಟೇ ಅಲಂಕಾರವಾಗಿ ಕಂಡರೂ ಬೇಡ. ಜಾರುಬಂಡಿಯಲ್ಲೋ ಬಾಗಿಲಲ್ಲೋ ಸಿಕ್ಕಿಕೊಂಡರೆ ಕುತ್ತಿಗೆಗೆ ಬಿಗಿಯುತ್ತದೆ. ಇಂಥ ಸಾವುಗಳಾದ್ದರಿಂದಲೇ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 1996ರಲ್ಲಿ ಮಕ್ಕಳ ಮೇಲಂಗಿಯ ಟೋಪಿಗೆ ಲಾಡಿ ಬೇಡವೆಂದು ಸೂಚನೆ ಕೊಟ್ಟಿತು. ಗಲ್ಲದ ಕೆಳಗೊಂದು ಟಿಚ್ ಬಟನ್ ಸಾಕು, ಎಳೆದರೆ ತಾನೇ ಬಿಚ್ಚಿಕೊಳ್ಳುತ್ತದೆ.

ಉಳಿಸುವ ದಾರಿಗಳು

• ತೋಳಿನ ತುದಿಗೆ ಹಳೆಯ ಕಾಲುಚೀಲದ ಮೇಲುಭಾಗ ಕತ್ತರಿಸಿ ಕೂಡಿಸಿ. ಹಿಮ್ಮಡಿ ತೂತಾಗಿದ್ದರೂ ಮೇಲಿನ ಪಟ್ಟಿ ಗಟ್ಟಿ ಇರುತ್ತದೆ, ಮಣಿಕಟ್ಟು ಬೆಚ್ಚಗಿಡುತ್ತದೆ.

• ಹಳೆಯ ಟೀ ಶರ್ಟ್ ಬಳಸುವುದಾದರೆ ಅದರ ಕೆಳಮಡಿಕೆಯನ್ನೇ ನಿಮ್ಮ ಅಂಗಿಯ ಕೆಳಮಡಿಕೆ ಆಗುವಂತೆ ಕತ್ತರಿಸಿ. ಅಪ್ಪನ ಹಳೆಯ ಶರ್ಟಿನ ಗುಂಡಿಪಟ್ಟಿ ಮುಂದಿನ ಸೀಳಿಗೆ ಸರಿಯಾಗುತ್ತದೆ. ಕಾಜಾ ಹೊಲಿಯುವ ಕೂಲಿ ಉಳಿಯಿತಲ್ಲ!

• ಟೋಪಿ, ಜೇಬು ಎರಡಕ್ಕೂ ಒಂದೇ ತುಂಡಿನ ಬಟ್ಟೆ ಮೀಸಲಿಡಿ. ಉಳಿದ ಕಡೆ ಎಷ್ಟು ಬಣ್ಣ ಬಂದರೂ ಬೇಕೆಂದೇ ಕೂಡಿಸಿದಂತೆ ಕಾಣುತ್ತದೆ, ಮಗುವೂ ನಾಲ್ಕು ಜನರ ನಡುವೆ ಖುಷಿಯಾಗಿ ಹಾಕಿಕೊಳ್ಳುತ್ತದೆ.

• ಕಾಲುಚೀಲದ ಪಟ್ಟಿ ಕೂಡಿಸುವ ಮೊದಲು ತೋಳಿನ ಒಳಗೆ ಎರಡಿಂಚು ಮಡಿಕೆ ಹಿಡಿದು ಉದ್ದನೆಯ ಹೊಲಿಗೆಯಲ್ಲಿ ಕೂಡಿಸಿಡಿ. ಮುಂದಿನ ಚಳಿಗೆ ಮಗುವಿನ ಕೈ ಉದ್ದವಾಗಿರುತ್ತದೆ. ಆಗ ಆ ಹೊಲಿಗೆ ಬಿಚ್ಚಿದರೆ ಇನ್ನೊಂದು ವರ್ಷ ನಡೆಯುತ್ತದೆ.

• ಕೆಲಸ ಮುಗಿದ ಕೂಡಲೇ ಮಿಷನ್ ಪ್ಲೇಟು ಬಿಚ್ಚಿ ಬ್ರಷ್‌ನಿಂದ ನಾರು ಗುಡಿಸಿ, ಒಂದು ಹನಿ ಎಣ್ಣೆ ಬಿಡಿ. ಹಳೆಯ ಬಟ್ಟೆ ಹೊಸದಕ್ಕಿಂತ ಹೆಚ್ಚು ನಾರು ಉದುರಿಸುತ್ತದೆ, ಅದು ಸೇರಿಕೊಂಡರೆ ಮಿಷನ್ ಹೊಲಿಗೆ ಬಿಡಲು ಶುರುಮಾಡುತ್ತದೆ.

• ಕೊನೆಯದಾಗಿ, ಅಂಗೈಯಷ್ಟು ಎರಡು ತುಂಡುಗಳನ್ನು ಅಂಗಿಯ ಒಳಗೆ, ಪಕ್ಕದ ಹೊಲಿಗೆಗೇ ಸೇರಿಸಿ ಹೊಲಿದುಬಿಡಿ. ಅಂಗಿಯ ಜೊತೆ ಅವೂ ಒಗೆತ ಕಂಡು ಬಣ್ಣ ತಿಳಿಯಾಗುತ್ತವೆ. ಮುಂದೆ ಮೊಣಕೈ ಹರಿದಾಗ ತ್ಯಾಪೆಗೆ ತೆಗೆದರೆ ಬಣ್ಣ ಹೊಂದುತ್ತದೆ, ಪೇಟೆಗೆ ಓಡುವ ಕೆಲಸವಿರುವುದಿಲ್ಲ.