ಕಾವೇರಿ ಕಣಿವೆಗೆ ಹವಾಮಾನ ಮಾದರಿ ಆರಿಸುವಾಗ

ನೀರಾವರಿ, ಕೃಷಿ, ಕಾಫಿ, ಹೀಗೆ ಯಾವ ಕಡೆಯಿಂದ ಬಂದವರೂ ಮೊದಲು ಕೇಳುವುದು ಒಂದೇ: "ಇದರಲ್ಲಿ ಒಳ್ಳೇ ಮಾಡೆಲ್ ಯಾವುದು ಸಾರ್?" ಮೇಲಣ ಕಾವೇರಿಯ ಲೆಕ್ಕಗಳನ್ನು ಮಾಡುತ್ತಾ ನಾನು ಕಂಡುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1. ಯಾವ ಕೆಲಸಕ್ಕೆ ಎಂಬುದು ಮೊದಲು ಗೊತ್ತಾಗಲಿ. ಕೃಷ್ಣರಾಜಸಾಗರದ ಒಳಹರಿವಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮುಖ್ಯ. ಕೊಡಗಿನ ಕಾಫಿಗೆ ಬೇಸಿಗೆಯ ಹೂಮಳೆ ಸಕಾಲಕ್ಕೆ ಬಿದ್ದೀತೇ ಎಂಬುದೇ ಪ್ರಶ್ನೆ. ಮಂಡ್ಯದ ಮಳೆಯಾಶ್ರಿತ ರಾಗಿಗೆ ಮುಂಗಾರಿನ ನಡುವೆ ಮಳೆ ಎಷ್ಟು ದಿನ ಕೈಕೊಡುತ್ತದೆ ಎಂಬುದು. ಒಂದರಲ್ಲಿ ಗೆದ್ದ ಮಾದರಿ ಇನ್ನೊಂದರಲ್ಲಿ ಸೋಲುವುದು ಮಾಮೂಲು.

2. ಮಾದರಿಗೆ ಪಶ್ಚಿಮ ಘಟ್ಟ ಕಾಣುತ್ತದೆಯೇ ನೋಡಿ. ಭಾಗಮಂಡಲದ ವಾರ್ಷಿಕ ಮಳೆ 5000 ಮಿ.ಮೀ. ಮೀರುತ್ತದೆ; ಮಂಡ್ಯದಲ್ಲಿ ಸುಮಾರು 700. ನಡುವಿನ ನೇರ ದೂರ ಸುಮಾರು 150 ಕಿ.ಮೀ. ಅನೇಕ ಜಾಗತಿಕ ಮಾದರಿಗಳ ಒಂದೊಂದು ಲೆಕ್ಕದ ಚೌಕವೇ 100ರಿಂದ 250 ಕಿ.ಮೀ. ಅಗಲ. ಮಾದರಿಯ ನೆಲದೆತ್ತರದ ಕಡತವನ್ನು ತೆರೆದರೆ ಬ್ರಹ್ಮಗಿರಿ ಇರಬೇಕಾದ ಕಡೆ ಸಾಧಾರಣ ದಿಬ್ಬ ಕಾಣುತ್ತದೆ. ಹಾಗಾಗಿ ಘಟ್ಟದಲ್ಲಿ ಸುರಿಯಬೇಕಾದ ಮಳೆ ಬಯಲಿಗೂ ಹಂಚಿಹೋಗುತ್ತದೆ. ಪಶ್ಚಿಮದ ಚೌಕದಲ್ಲಿ ನೆಲವೆಷ್ಟು, ಅರಬ್ಬಿ ಸಮುದ್ರವೆಷ್ಟು ಎಂದೂ ನೋಡಿ. ದಕ್ಷಿಣ ಏಷ್ಯಾದ ಕಾರ್ಡೆಕ್ಸ್ ಯೋಜನೆಯ ಪ್ರಾದೇಶಿಕ ಮಾದರಿಗಳು 50 ಮತ್ತು 25 ಕಿ.ಮೀ. ಚೌಕಗಳಲ್ಲಿ ಸಿಗುತ್ತವೆ. ಅವುಗಳಲ್ಲಿ ಘಟ್ಟ ಮೇಲೇಳುತ್ತದೆ, ನಿಜ. ಆದರೆ ಗಡಿಯಿಂದ ಒಳಬರುವ ಗಾಳಿ, ತೇವ ಮೂಲ ಜಾಗತಿಕ ಮಾದರಿಯದ್ದೇ. ಅದರ ದೋಷವೂ ಜೊತೆಗೇ ಬರುತ್ತದೆ.

3. ತಿದ್ದುವ ಮೊದಲೇ ಪರೀಕ್ಷಿಸಿ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಪಾಠ. ಬಯಾಸ್ ಕರೆಕ್ಷನ್, ಅಂದರೆ ದೋಷ ತಿದ್ದುಪಡಿ, ಮಾಡಿದ ಮೇಲೆ ಎಲ್ಲ ಮಾದರಿಗಳೂ ಹಳೆಯ ಅಂಕಿಗಳಿಗೆ ಚೆನ್ನಾಗಿ ಹೊಂದುತ್ತವೆ, ಏಕೆಂದರೆ ಹೊಂದಿಸಿದ್ದೇ ನಾವು. ಮಳೆಯ ಪ್ರಮಾಣವನ್ನು ತಿದ್ದಬಹುದು. ಮುಂಗಾರು ಕಾಲಿಡುವ ದಿನವನ್ನು, ಜುಲೈ–ಆಗಸ್ಟ್‌ನ ಬಿಡುವನ್ನು, ಮಳೆದಿನಗಳ ಸರಣಿಯನ್ನು ಈ ತಿದ್ದುಪಡಿ ಸರಿಪಡಿಸದು. ತಿಂಗಳ ಮೊತ್ತ ಸರಿಯಿದ್ದೂ, ದಿನದ ಅಂಕಿ ತೆರೆದರೆ ದಿನವೂ ಮೂರು ನಾಲ್ಕು ಮಿ.ಮೀ. ಜಿಟಿಜಿಟಿ ಸುರಿಸುವ ಮಾದರಿಗಳಿವೆ. ಆ ಮಳೆಯಿಂದ ಹಾರಂಗಿ ಹೊಳೆಗೆ ನೆರೆ ಬಾರದು, ರಾಗಿ ಒಣಗದು. ಸಮುದ್ರವನ್ನೂ ನೋಡಿ: ಹಲವು ಮಾದರಿಗಳಲ್ಲಿ ಮುಂಗಾರಿಗೆ ಮುಂಚಿನ ಅರಬ್ಬಿ ಸಮುದ್ರ ವಾಸ್ತವಕ್ಕಿಂತ ತಣ್ಣಗಿರುತ್ತದೆ, ತೇವ ಕಡಿಮೆಯಾಗಿ ಮಳೆ ಸೊರಗುತ್ತದೆ.

4. ವರ್ಷಕ್ಕೆ ವರ್ಷ ಹೋಲಿಸಬೇಡಿ. ಮಾದರಿಯ 2018ರ ಆಗಸ್ಟ್‌ನಲ್ಲಿ ಕೊಡಗನ್ನು ಕಂಗೆಡಿಸಿದ ಆ ಮಹಾಮಳೆ ಹುಡುಕುವುದರಲ್ಲಿ ಅರ್ಥವಿಲ್ಲ, ಮಾದರಿಯ ವರ್ಷ ನಿಜವಾದ ಆ ವರ್ಷವಲ್ಲ. ಮೂವತ್ತು ವರ್ಷಗಳ ಸ್ವಭಾವವನ್ನು ಹೋಲಿಸಬೇಕು. ಹವಾಮಾನ ಇಲಾಖೆಯ ಕಾಲು ಡಿಗ್ರಿ ದೈನಿಕ ಮಳೆ ದತ್ತಾಂಶ 1901ರಿಂದ ಇದೆ, ಬಲು ಉಪಯುಕ್ತ. ಘಟ್ಟದ ಕಡಿದಾದ ಏರಿನಲ್ಲಿ ಮಾತ್ರ ಅದನ್ನು ಹತ್ತಿರದ ಮಳೆಮಾಪಕಗಳ ಅಂಕಿಯೊಂದಿಗೆ ತಾಳೆ ನೋಡಿ. ಕಾಫಿ ತೋಟಗಳವರು ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ಕೇಳಿದರೆ ಪ್ರೀತಿಯಿಂದ ತೋರಿಸುತ್ತಾರೆ.

5. ಕಡತದ ದಿನಗಣನೆ, ಮಾನ ನೋಡಿಕೊಳ್ಳಿ. ಬ್ರಿಟನ್ನಿನ ಹ್ಯಾಡ್ಲಿ ಕೇಂದ್ರದ ಮಾದರಿಗಳಲ್ಲಿ ವರ್ಷಕ್ಕೆ 360 ದಿನ. ಇನ್ನು ಕೆಲವಕ್ಕೆ ಫೆಬ್ರವರಿ 29 ಇಲ್ಲ. ಮಳೆ ಸೆಕೆಂಡಿನ ಲೆಕ್ಕದಲ್ಲಿರುತ್ತದೆ, ದಿನದ ಮಳೆ ಬೇಕಾದರೆ 86400ರಿಂದ ಗುಣಿಸಬೇಕು.

6. ಹೆಸರು ಬೇರೆಯಾದರೂ ವಂಶ ಒಂದೇ ಇರಬಹುದು. ಆಸ್ಟ್ರೇಲಿಯಾದ ಆಕ್ಸೆಸ್‌ನ ವಾಯುಮಂಡಲ ಭಾಗ ಬ್ರಿಟನ್ನಿನದು. ನಾರ್ವೆಯ ನಾರ್‌ಇಎಸ್‌ಎಂ ಅಮೆರಿಕದ ಸಿಇಎಸ್‌ಎಂನಿಂದ ಬಂದದ್ದು. ಇಂಥ ಐದು ಮಾದರಿಗಳು ಒಂದೇ ಮಾತು ಹೇಳಿದರೆ ಅದು ಐದು ಸಾಕ್ಷಿಗಳಾಗದು. ಅತಿಯಾಗಿ ಬಿಸಿಯೇರುವವುಗಳನ್ನೂ ಗುರುತಿಸಿ: ಇಂಗಾಲದ ಡೈಆಕ್ಸೈಡ್ ಇಮ್ಮಡಿಯಾದರೆ ಭೂಮಿ 2.5ರಿಂದ 4 ಡಿಗ್ರಿ ಕಾಯುವ ಸಂಭವ ಎಂದು ಐಪಿಸಿಸಿಯ ಆರನೇ ವರದಿ ಹೇಳಿದರೆ, ಸಿಎಂಐಪಿ6 ಎಂಬ ಜಾಗತಿಕ ಮಾದರಿ ಸಮೂಹದ ಕೆಲವು ಮಾದರಿಗಳು 5 ದಾಟುತ್ತವೆ.

7. ಸರಾಸರಿ ಮಾಡಿ ಕೊಡಬೇಡಿ. ಹತ್ತು ಮಾದರಿಗಳ ದಿನದ ಮಳೆಯನ್ನು ಕೂಡಿಸಿ ಹಂಚಿದರೆ ಬರವೂ ನೆರೆಯೂ ಅಳಿಸಿಹೋಗುತ್ತವೆ. ಪರೀಕ್ಷೆಯಲ್ಲಿ ಉಳಿದವುಗಳಲ್ಲಿ ಒಂದು ಒಣ, ಒಂದು ತೇವ, ಒಂದೆರಡು ನಡುವಿನವು ಇರಲಿ. ಪ್ರತಿಯೊಂದರ ಒಳಹರಿವನ್ನೂ ಬೇರೆಯಾಗಿ ಲೆಕ್ಕ ಹಾಕಿ, ಬೇರೆಯಾಗಿಯೇ ಕೊಡಿ. ಒಂದೇ ಅಂಕಿ ಹೇಳಿ ಎಂಬ ಒತ್ತಾಯ ಬಂದೇ ಬರುತ್ತದೆ. ಆಗ ನಾನು ಒಣ ಮಾದರಿಯಿಂದಲೇ ಮಾತು ಶುರು ಮಾಡುತ್ತೇನೆ, ಏಕೆಂದರೆ 2023ರಂಥ ಬರಗಾಲದ ವರ್ಷದಲ್ಲಿ ಬೆಂಗಳೂರಿನ ನಲ್ಲಿಯೂ ಮಂಡ್ಯದ ನಾಲೆಯೂ ಕಾದಿರುವುದು ಅದೇ ನೀರಿಗೆ.