ಸೈಕಲ್ ಪಥವಿದೆ, ಮಗನನ್ನು ಕಳಿಸಲೇ?

ಪ್ರಶ್ನೆ: ಬೆಂಗಳೂರಿನ ಜಯನಗರದಲ್ಲಿದ್ದೇವೆ. ಎಂಟನೇ ತರಗತಿಯ ಮಗ ಸೈಕಲ್‌ನಲ್ಲೇ ಶಾಲೆಗೆ ಹೋಗ್ತೀನಿ ಅಂತಾನೆ. ಸೈಕಲ್ ಪಥವನ್ನು ನಂಬಬಹುದೇ?

ಉತ್ತರ: ಪೂರ್ತಿ ನಂಬಬೇಡಿ. ನಿಮ್ಮ ಬಡಾವಣೆಯ ಸೈಕಲ್ ಪಥಗಳಲ್ಲಿ ಕಾರು ನಿಲ್ಲಿಸುವುದು ನಿಮಗೇ ಗೊತ್ತು. ಹೊರವರ್ತುಲ ರಸ್ತೆಯಲ್ಲಿ 2020ರಲ್ಲಿ ಕಂಬ ನೆಟ್ಟು ಮಾಡಿದ ಪಥಕ್ಕೂ ಬೈಕುಗಳು ನುಗ್ಗುತ್ತಿದ್ದವು. ಅಂದಮೇಲೆ ಬರೀ ಬಣ್ಣದ ಗೆರೆ ಯಾರನ್ನೂ ತಡೆಯುವುದಿಲ್ಲ.

ಹಾಗಂತ ಸೈಕಲ್ ಬಿಡಿಸಬೇಡಿ. ನಿಂತ ಕಾರಿನಿಂದ ಒಂದು ಮೀಟರಿಗಿಂತ ಹೆಚ್ಚು ದೂರವಿರಲಿ. ಒಳಗೆ ತಲೆ ಕಂಡರೆ ಬಾಗಿಲು ತೆರೆದೀತೆಂದೇ ಎಣಿಸಿ ನಿಧಾನಿಸಲಿ. ನಿಜವಾದ ಅಪಾಯ ಜಂಕ್ಷನ್‌ನಲ್ಲಿ. ಪಥ ಅಲ್ಲಿಗೆ ಬಂದು ಮಾಯವಾಗುತ್ತದೆ. ಎಡಕ್ಕೆ ತಿರುಗುವ ಬಸ್ಸಿನ ಹಿಂಚಕ್ರ ಮುಂಚಕ್ರಕ್ಕಿಂತ ಒಳಗಿನಿಂದ ಸಾಗುತ್ತದೆ, ಪಕ್ಕದಲ್ಲೇ ಇರುವ ಹುಡುಗ ಡ್ರೈವರ್ ಕಣ್ಣಿಗೆ ಬೀಳದೇ ಹೋಗಬಹುದು. ಬಸ್ಸು, ಲಾರಿಯ ಎಡಕ್ಕೆ ನುಸುಳಲೇಬಾರದು, ಹಿಂದೆ ನಿಲ್ಲಲಿ. ಎದುರು ದಿಕ್ಕಿನ ಸವಾರಿಯಂತೂ ಬೇಡವೇ ಬೇಡ. ಹೆಲ್ಮೆಟ್, ದೀಪದ ಮಾತು ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಎರಡು ಕ್ರಾಸ್ ಸುತ್ತಾದರೂ ಸರಿ, ಒಳರಸ್ತೆಯನ್ನೇ ಆರಿಸಿ. ಮೊದಲ ವಾರ ಮನೆಯವರೊಬ್ಬರು ಜೊತೆಗೆ ಸೈಕಲ್ ತುಳಿಯಲಿ.